ನಮ್ಮ ತರಗತಿಯ ಮಳೆ ಲೆಕ್ಕ



ರಾಜ್ಯೋತ್ಸವದ ಸಂಚಿಕೆಗೆ ಏಳನೇ ತರಗತಿಯವರು ಜೂನ್‌ನಿಂದ ದಸರಾ ರಜೆಯವರೆಗೆ ಏನೇನು ಕಲಿತೆವು, ಏನೇನು ಮಾಡಿದೆವು ಅಂತ ಬರೆಯಬೇಕು ಎಂದು ಕನ್ನಡ ಟೀಚರ್ ಹೇಳಿದರು. ಆಗಸ್ಟ್ 15ರ ನಾಟಕದಲ್ಲಿ ಒನಕೆ ಓಬವ್ವ ಮಾಡಿದವಳು ಅದನ್ನು ಬರೆಯುತ್ತೇನೆ ಅಂದಳು. ಪ್ರತಿಭಾ ಕಾರಂಜಿಗೆ ಹೋದವರು ಅದನ್ನು ತೆಗೆದುಕೊಂಡರು. ಮಳೆ ಲೆಕ್ಕವನ್ನು ಯಾರು ಬರೆಯುತ್ತೀರಿ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಯಾಕೆ ನೋಡಿದರು ಅಂತ ನಿಮಗೂ ಕೊನೆಗೆ ಗೊತ್ತಾಗುತ್ತದೆ. ನಾನೇ ಬರೆಯುತ್ತೇನೆ ಅಂತ ಕೈ ಎತ್ತಿದೆ.

ಮೊದಲು ಇದು ಹೇಗೆ ಶುರುವಾಯಿತು ಅಂತ ಹೇಳುತ್ತೇನೆ. ಜೂನ್ 5ರಂದು ಪರಿಸರ ದಿನಕ್ಕೆ ನಾವು ಕಾಂಪೌಂಡಿನ ಪಕ್ಕ ಬೇವಿನ ಸಸಿ, ಹೊಂಗೆ ಸಸಿ ನೆಟ್ಟೆವು. ನೆಟ್ಟ ಮೇಲೆ ವಿಜ್ಞಾನದ ಮೇಷ್ಟ್ರು, "ಹೋದ ವರ್ಷ ನಿಮ್ಮೂರಲ್ಲಿ ಮಳೆ ಹೆಂಗಿತ್ತು?" ಅಂತ ಕೇಳಿದರು. ಕೆಲವರು ಚೆನ್ನಾಗಿತ್ತು ಸಾರ್ ಅಂದರು. ಕೆಲವರು ಇಲ್ಲ ಸಾರ್, ಶೇಂಗಾ ಒಣಗಿ ಹೋಯ್ತು ಅಂದರು. "ಎಷ್ಟು ಬಂತು?" ಅಂದರು. ಯಾರಿಗೂ ಗೊತ್ತಿಲ್ಲ. ಒಬ್ಬ ಮಾತ್ರ "ಕೆರೆ ಅರ್ಧ ತುಂಬೋವಷ್ಟು ಸಾರ್" ಅಂದ. ಎಲ್ಲರೂ ನಕ್ಕೆವು. ನಮ್ಮ ಹಿರಿಯೂರು ತಾಲ್ಲೂಕು ಮಳೆ ಕಡಿಮೆ ಇರುವ ಸೀಮೆ. ಬಂದರೂ ಮಳೆ ಮಾತೇ, ಬರದಿದ್ದರೂ ಮಳೆ ಮಾತೇ. ಆದರೂ ಎಷ್ಟು ಬಂತು ಅಂತ ಯಾರೂ ಬರೆದಿಟ್ಟಿಲ್ಲ.

ಹಾಗಾಗಿ ಮಳೆ ಮಾಪಕ ಮಾಡಲು ತೀರ್ಮಾನ ಮಾಡಿದೆವು. ಕೂಲ್ ಡ್ರಿಂಕ್ಸಿನ 2 ಲೀಟರ್ ಬಾಟಲಿ ತಂದು ಮೇಲಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಬೇಕು. ಹಾಗೆ ಮಾಡಿದರೆ ಬಿಸಿಲಿಗೆ ನೀರು ಬೇಗ ಆರುವುದಿಲ್ಲ. ನಮ್ಮ ಮೊದಲನೇ ಬಾಟಲಿ ಕೆಟ್ಟಿತು. ಅದರ ನಡು ಸಣ್ಣ ಇತ್ತು. ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇದ್ದರೆ ಮಾತ್ರ ಸ್ಕೇಲ್ ಹಿಡಿದು ಅಳೆಯಬಹುದು. ಎರಡನೇ ಬಾಟಲಿ ನೆಟ್ಟಗಿತ್ತು, ಆದರೆ ತಳ ಉಬ್ಬುತಗ್ಗು ಇತ್ತು. ಕಾಂಪೌಂಡ್ ಕೆಲಸಕ್ಕೆ ಬಂದಿದ್ದ ಗಾರೆಯವರ ಹತ್ತಿರ ಒಂದು ಹಿಡಿ ಸಿಮೆಂಟ್ ಕೇಳಿ ತಳಕ್ಕೆ ಹಾಕಿ ಸಮ ಮಾಡಿದೆವು. ಆ ಸಿಮೆಂಟಿನ ಮೇಲ್ಗಡೆಯೇ ನಮ್ಮ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗೆರೆ ಅಂಟಿಸಿದೆವು.

ಮೊದಲು ಬೇವಿನ ಮರದ ಕೆಳಗೆ ಇಟ್ಟೆವು. ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕುತ್ತದೆ, ಮಳೆ ಬರುವಾಗ ಎಲೆ ತಡೆಯುತ್ತದೆ, ಎರಡೂ ತಪ್ಪು ಅಂತ ಗೊತ್ತಾಯಿತು. ಆಮೇಲೆ ಬಯಲಿಗೆ ತಂದು ಸುತ್ತ ಇಟ್ಟಿಗೆ ಜೋಡಿಸಿದೆವು. ಮಾರನೇ ದಿನವೇ ಯಾರದೋ ಮೇಕೆ ಬಂದು ಬೀಳಿಸಿತು. ಮತ್ತೆ ಇಟ್ಟಿಗೆ ಜಾಸ್ತಿ ಮಾಡಿ, ಸುತ್ತ ಮುಳ್ಳು ಹಾಕಿದೆವು.

ಜೂನ್ 16, ಸೋಮವಾರ ಲೆಕ್ಕ ಶುರು ಮಾಡಿದೆವು. ದಿನಾ ಬೆಳಿಗ್ಗೆ 8.30ಕ್ಕೆ ನೋಡಬೇಕು. ಭಾರತದ ಹವಾಮಾನ ಇಲಾಖೆಯವರೂ ದೇಶದ ಎಲ್ಲಾ ಕಡೆ 8.30ಕ್ಕೇ ಮಳೆ ಅಳೆಯುತ್ತಾರಂತೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ಲೆಕ್ಕ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಅದನ್ನು ಮಳೆ ದಿನ ಎನ್ನುತ್ತಾರೆ. ಗ್ರಾಮ ಪಂಚಾಯ್ತಿಗಳಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಇಟ್ಟಿರುವ ಯಂತ್ರ ತಾನೇ ಅಳೆದು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಕಳಿಸುತ್ತದೆ. ನಮ್ಮ ಪಂಚಾಯ್ತಿ ಇರುವುದು ಬೇರೆ ಊರಲ್ಲಿ. ಅಲ್ಲಿ ಬಂದ ಮಳೆ ಇಲ್ಲಿ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಅದಕ್ಕೇ ನಮ್ಮೂರಿಗೆ ನಮ್ಮ ಬಾಟಲಿ.

ಜಗುಲಿ ಗೋಡೆಯ ಮೇಲೆ ಒಂದು ಪಟ್ಟಿ ಹಾಕಿದೆವು. ತಾರೀಖು, ಮಿಲಿಮೀಟರ್, ನೋಡಿದವರ ಸಹಿ. ಮೇಷ್ಟ್ರು ಒಂದೇ ಒಂದು ನಿಯಮ ಹೇಳಿದರು. "ಮಳೆ ಇಲ್ಲದಿದ್ದರೆ ಸೊನ್ನೆ ಹಾಕಿ. ನೋಡಲು ಮರೆತಿದ್ದರೆ ಗೆರೆ ಹಾಕಿ. ಸೊನ್ನೆ ಅಂದರೆ ನಾನು ನೋಡಿದೆ, ನೀರು ಇರಲಿಲ್ಲ ಅಂತ. ಗೆರೆ ಅಂದರೆ ನಾನು ನೋಡಲಿಲ್ಲ ಅಂತ. ಎರಡೂ ಬೇರೆ ಬೇರೆ. ಗೆರೆ ಹಾಕಿದರೆ ನಾನು ಬೈಯಲ್ಲ." ನಾವೆಲ್ಲ ಹೂಂ ಸಾರ್ ಅಂದೆವು. ಅದು ಎಷ್ಟು ದೊಡ್ಡ ಮಾತು ಅಂತ ಆವಾಗ ನನಗೆ ತಿಳಿಯಲಿಲ್ಲ.

ಈ ಮಳೆ ಲೆಕ್ಕದಿಂದ ಎಲ್ಲಾ ವಿಷಯದಲ್ಲೂ ಪಾಠ ಆಯಿತು. ಗಣಿತದಲ್ಲಿ ಸ್ತಂಭ ನಕ್ಷೆ ಮತ್ತು ಸರಾಸರಿ ಕಲಿತೆವು. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ನಮ್ಮ ತರಗತಿಯ ತಾರಸಿ 12 ಮೀಟರ್ ಉದ್ದ, 6 ಮೀಟರ್ ಅಗಲ, ಅಂದರೆ 72 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಂದರೆ 720 ಲೀಟರ್! ಅಷ್ಟೂ ಕೊಳವೆಯಲ್ಲಿ ಇಳಿದು ಚರಂಡಿಗೆ ಹೋಗುತ್ತಿತ್ತು. ನಾವು ಈ ಲೆಕ್ಕ ತೋರಿಸಿದ ಮೇಲೆ ಹೆಡ್ ಮಾಸ್ಟರ್ ಆ ಕೊಳವೆಗೆ ಇನ್ನೊಂದು ತುಂಡು ಪೈಪು ಸೇರಿಸಿ ಸಸಿಗಳ ಕಡೆ ತಿರುಗಿಸಿಕೊಟ್ಟರು.

ಕನ್ನಡ ಟೀಚರ್ ಮನೆಯ ಹಿರಿಯರನ್ನು ಕೇಳಿ ಮಳೆ ಹೆಸರು ಬರೆದು ತನ್ನಿ ಎಂದರು. ನಮ್ಮಜ್ಜಿಗೆ ಓದು ಬರಹ ಬರುವುದಿಲ್ಲ. ಆದರೂ ಅಶ್ವಿನಿಯಿಂದ ರೇವತಿಯ ತನಕ 27 ಹೆಸರನ್ನೂ ಒಂದೇ ಉಸಿರಿಗೆ ಹೇಳಿತು. ವರ್ಷದ 365 ದಿನವನ್ನು 27ರಿಂದ ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. "ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಅಜ್ಜಿ ಗಾದೆ ಹೇಳಿತು. "ಮಗಳು ಉಂಡ್ರೆ?" ಅಂತ ಕೇಳಿದೆ. "ನೀನು ಉಣ್ಣೋದು ನೋಡಿದ್ರೆ ಅದಕ್ಕೆ ಗಾದೆ ಬ್ಯಾಡ ಬಿಡು" ಅಂದಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ತರಗತಿಯಲ್ಲಿ ನಾವು 23 ಜನ. ಸರದಿ ಪ್ರಕಾರ ದಿನಕ್ಕೊಬ್ಬರು ನೋಡಬೇಕು. ಭಾನುವಾರ ಮಾತ್ರ ನನ್ನದು, ಏಕೆಂದರೆ ನಮ್ಮ ಮನೆ ಶಾಲೆಯ ಹಿಂದೆಯೇ ಇದೆ. ಮೊದಮೊದಲು ಹೋದೆ. ಜುಲೈನಲ್ಲಿ ಮೋಡ ಬರುವುದು, ಗಾಳಿಗೆ ಹೋಗುವುದು, ಹಾಗೇ ಆಯಿತು. ಒಂದು ಭಾನುವಾರ ಟಿವಿ ನೋಡುತ್ತಾ ಕುಳಿತೆ. ಮಳೆ ಬಂದಿಲ್ಲ ಅಂತ ಗೊತ್ತೇ ಇದೆಯಲ್ಲ, ನೋಡುವುದು ಏನಿದೆ ಅನ್ನಿಸಿತು. ಸೋಮವಾರ ಬಂದು ಭಾನುವಾರದ ಮನೆಯಲ್ಲಿ ಸೊನ್ನೆ ಹಾಕಿ ಸಹಿ ಮಾಡಿದೆ. ಏನೂ ಆಗಲಿಲ್ಲ. ಹಾಗೆಯೇ ಒಟ್ಟು ಐದು ಭಾನುವಾರ ನೋಡದೆ ಸೊನ್ನೆ ಹಾಕಿದೆ.

ಆಗಸ್ಟ್ 23, ಶನಿವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಅವ್ವನ ಜೊತೆ ಸೋದರಮಾವನ ಊರಿಗೆ ಗೃಹಪ್ರವೇಶಕ್ಕೆ ಹೋದೆ. ಅಲ್ಲಿ ಒಂದು ಹನಿ ಮಳೆ ಇಲ್ಲ. ಭಾನುವಾರ ರಾತ್ರಿ ಕೊನೇ ಬಸ್ಸಿಗೆ ಬಂದು ಹಾಗೇ ಮಲಗಿದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶಾಲೆಗೆ ಹೋಗಿ ಭಾನುವಾರದ ಮನೆಯಲ್ಲಿ ಸೊನ್ನೆ ಬರೆದು ಸಹಿ ಹಾಕಿದೆ. ಬಾಟಲಿ ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಹೋಗಿ ನೋಡಲಿಲ್ಲ.

ಅವತ್ತು ಸೋಮವಾರದ ಸರದಿ ಕೊನೇ ಸಾಲಿನ ಒಬ್ಬ ಹುಡುಗನದು. ಅವನ ಹೆಸರು ಬರೆಯುವುದಿಲ್ಲ. ಬರೆಯಬೇಡ ಅಂತ ಅವನೇ ಹೇಳಿದ್ದಾನೆ, ನಮ್ಮ ತರಗತಿಯವರಿಗೆ ಗೊತ್ತೇ ಇದೆ. ಅವನು 8.30ಕ್ಕೆ ನೋಡಿ ಓಡಿ ಬಂದು "31 ಐತೆ!" ಅಂತ ಕೂಗಿದ. ಎಲ್ಲರೂ ಹೋಗಿ ನೋಡಿದೆವು. ನಿಜವಾಗಿಯೂ 31 ಮಿಲಿಮೀಟರ್ ಇತ್ತು. ನನ್ನ ಎದೆ ಧಸಕ್ ಅಂದಿತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅವರು ಹಿರಿಯೂರಿನಿಂದ ಬಸ್ಸಿಗೆ ಬರುವವರು. ನಮ್ಮೂರಿನ ಮಳೆ ಅವರಿಗೆ ಗೊತ್ತಾಗುವುದಿಲ್ಲ. "ನಿನ್ನೆ ರಾತ್ರಿ ಮಳೆ ಬಂತಾ?" ಅಂದರು. ಇಲ್ಲ ಸಾರ್ ಅಂತ ಎಲ್ಲರೂ ಹೇಳಿದರು. ಶನಿವಾರ ರಾತ್ರಿ ಬಂತು ಸಾರ್ ಅಂತ ಒಬ್ಬಿಬ್ಬರು ಅಂದರು. ನಡುರಾತ್ರಿ ಬಂದಿದ್ದರಿಂದ ಎಷ್ಟು ಬಂತು ಅಂತ ನಿದ್ದೆಯಲ್ಲಿದ್ದವರಿಗೆ ಗೊತ್ತಿಲ್ಲ. "ಅದು ತುಂತುರು ಇರಬೇಕು ಸಾರ್. ಭಾನುವಾರ ಸೊನ್ನೆ ಅಂತ ಬರೆದೈತಲ್ಲ" ಅಂತ ನಮ್ಮ ಲೀಡರ್ ಹೇಳಿದ. ಆಮೇಲೆ ಯಾರೋ, "ಇವನೇ ನಲ್ಲಿ ನೀರು ಹುಯ್ದಿರ್ತಾನೆ ಸಾರ್. ಜೂನ್‌ನಲ್ಲೂ ಹಂಗೇ ಮಾಡಿದ್ದ" ಅಂದರು. ಅದು ನಿಜ, ಜೂನ್‌ನಲ್ಲಿ ಒಂದು ಸಲ ಅವನು ತಮಾಷೆಗೆ ಹುಯ್ದಿದ್ದ.

"ನಾನು ಹುಯ್ದಿಲ್ಲ ಸಾರ್, ದೇವರಾಣೆಗೂ ಹುಯ್ದಿಲ್ಲ" ಅಂದ ಅವನು. ಯಾರೂ ನಂಬಲಿಲ್ಲ. ಒಂದು ವಾರ ಬಾಟಲಿ ಹತ್ತಿರ ಹೋಗಬೇಡ ಅಂತ ಮೇಷ್ಟ್ರು ಹೇಳಿದರು. ನನ್ನ ಸೊನ್ನೆಯ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲ. ನಾನು ಮೊದಲನೇ ಸಾಲಿನವಳು, ಅಕ್ಷರ ದುಂಡಾಗಿ ಬರೆಯುತ್ತೇನೆ, ಪರೀಕ್ಷೆಯಲ್ಲಿ ಒಳ್ಳೆ ಅಂಕ ಬರುತ್ತದೆ. ಅವನು ಕೊನೇ ಸಾಲಿನವನು. ಅಷ್ಟೇ ಕಾರಣ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅವನು ಊಟಕ್ಕೆ ಕೂರಲಿಲ್ಲ. ಸ್ಕೇಲ್ ಹಿಡಿದುಕೊಂಡು ಅಡುಗೆಮನೆ ಹಿಂದೆ ಹೋದ. ಅಲ್ಲಿ ಅಡುಗೆ ಎಣ್ಣೆಯ 15 ಕೆಜಿ ಟಿನ್ನು, ಮೇಲಿನ ತಗಡು ಕತ್ತರಿಸಿದ್ದು, ಬಯಲಲ್ಲಿ ನೆಟ್ಟಗೆ ನಿಂತಿತ್ತು. ಸ್ಕೇಲ್ ಇಳಿಸಿ ನೋಡಿದ. ಮೇಷ್ಟ್ರನ್ನು ಕರೆದುಕೊಂಡು ಬಂದ. "ಸಾರ್, ಇದರಲ್ಲೂ 29 ಐತೆ ಸಾರ್" ಅಂದ. ಅಡುಗೆ ಅಕ್ಕ ಹೊರಗೆ ಬಂದು, "ಶನಿವಾರ ಅಡುಗೆ ಆದ್ಮೇಲೆ ನಾನೇ ತೊಳೆದು ಬರಿದು ಇಟ್ಟು ಹೋದೆ ಸಾರ್. ಇವತ್ತು ಅದನ್ನ ಮುಟ್ಟೇ ಇಲ್ಲ" ಅಂದರು.

ಟಿನ್ನು ಬಾಟಲಿಗಿಂತ ಬಹಳ ಅಗಲ. ಆದರೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ ನೀರು. ಅಗಲ ಬಾಯಿಗೆ ಜಾಸ್ತಿ ನೀರು ಬೀಳುತ್ತದೆ, ಅಗಲ ತಳದಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೆ ಎತ್ತರ ಬದಲಾಗುವುದಿಲ್ಲ. ಟಿನ್ನಿನ ಬಾಯಿ ತೆರೆದಿದ್ದರಿಂದ ಬಿಸಿಲಿಗೆ ಸ್ವಲ್ಪ ಆರಿ 2 ಮಿಲಿಮೀಟರ್ ಕಡಿಮೆಯಾಗಿತ್ತು. ಇದನ್ನು ನಮಗೆ ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಅವನೇ ಯೋಚನೆ ಮಾಡಿ ಕಂಡುಹಿಡಿದ. ಮೊದಲ ಸಾಲಿನವರು ಯಾರಿಗೂ ಹೊಳೆದಿರಲಿಲ್ಲ.

ಮೇಷ್ಟ್ರು ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈ ಇಟ್ಟು, "ನಾನು ಅವಸರ ಪಟ್ಟೆ ಕಣಪ್ಪ" ಅಂದರು. ಆಮೇಲೆ ನಮ್ಮ ಕಡೆ ತಿರುಗಿ, "ಹಾಗಾದರೆ ಈ ನೀರು ಯಾವತ್ತು ಬಿತ್ತು? ಲೆಕ್ಕ ಎಲ್ಲಿ ತಪ್ಪಿದೆ? ಯೋಚನೆ ಮಾಡಿ" ಅಂದರು. ಗಂಟೆ ಹೊಡೆಯಿತು. ಅವರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ನನಗೆ ಇನ್ನೂ ಹೆದರಿಕೆಯಾಯಿತು.

ಸಂಜೆ ಶಾಲೆ ಬಿಟ್ಟಾಗ ಪಕ್ಕದ ಹೊಲದ ಅಜ್ಜ ಜಗುಲಿ ಹತ್ತಿರ ನಿಂತು, ಒಬ್ಬ ಸಣ್ಣ ಹುಡುಗನ ಕೈಲಿ ಪಟ್ಟಿ ಓದಿಸುತ್ತಿದ್ದರು. ಆಗಾಗ ಬಂದು ಹೀಗೆ ಓದಿಸುವುದು ಅವರಿಗೆ ರೂಢಿ. "ಭಾನುವಾರ ಸೊನ್ನೆಯಂತೆ! ನನ್ನ ಹೊಲದಾಗೆ ನಿನ್ನೆ ಬೆಳಿಗ್ಗೆ ಕಾಲು ಹೂತ್ಕಂತಿದ್ವು. ಏನೋ ಹುಡುಗ್ರ ಲೆಕ್ಕ" ಅಂತ ನಕ್ಕು ಹೋದರು. ನಮ್ಮ 23 ಜನರ ಕೆಲಸ ನನ್ನಿಂದ ಹುಡುಗಾಟ ಆಯಿತು ಅನ್ನಿಸಿತು.

ರಾತ್ರಿ ಮುದ್ದೆ ನುಂಗಲು ಆಗಲಿಲ್ಲ. ಅಜ್ಜಿ, "ಯಾಕವ್ವ, ಹೊಟ್ಟೆನೋವಾ?" ಅಂದಿತು. ಹೇಳಿದೆ. ಅಜ್ಜಿ ಬೈಯಲಿಲ್ಲ. "ನೋಡ್ದಲೇ ಹೆಂಗವ್ವ ಬರ್ದೆ? ನಂಗೆ ಓದಕ್ಕೆ ಬರಲ್ಲ. ಡೇರಿಯವ್ರು ಹಾಲಿನ ಬುಕ್ಕಿನಾಗೆ ಏನು ಬರೀತಾರೋ ಅದನ್ನೇ ನಂಬ್ಕಂಡು ದುಡ್ಡು ಇಸ್ಕಂತೀನಿ. ಅವ್ರೂ ನಿನ್ನಂಗೇ ಅಂದಾಜಿಗೆ ಬರದ್ರೆ ನಾನು ಯಾರನ್ನ ಕೇಳ್ಲಿ?" ಅಂತ ಕೇಳಿತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಂಗಳವಾರ ಪ್ರಾರ್ಥನೆ ಮುಗಿದ ಮೇಲೆ ತರಗತಿಯಲ್ಲಿ ಎದ್ದು ನಿಂತು ಎಲ್ಲಾ ಹೇಳಿದೆ. ಆ ಭಾನುವಾರ ಮಾತ್ರ ಹೇಳಿ ಸುಮ್ಮನಾಗಬಹುದಿತ್ತು. ಉಳಿದ ಐದನ್ನು ಯಾರೂ ಕಂಡುಹಿಡಿಯುತ್ತಿರಲಿಲ್ಲ. ಆದರೆ ನಿಲ್ಲಿಸಲು ಆಗಲಿಲ್ಲ, ಆ ಐದನ್ನೂ ಹೇಳಿಬಿಟ್ಟೆ. ಅಳು ಬಂತು. ಮೇಷ್ಟ್ರು ಹೊಡೆಯಲಿಲ್ಲ. ಕೆಂಪು ಪೆನ್ನು ಕೊಟ್ಟು, "ಸೊನ್ನೆಯನ್ನು ಅಳಿಸಬೇಡ, ವೈಟ್ನರ್ ಹಾಕಬೇಡ. ಹಳೇದು ಕಾಣುವ ಹಾಗೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಗೆರೆ ಹಾಕಿ, ಇವತ್ತಿನ ತಾರೀಖು ಬರೆದು ಸಹಿ ಮಾಡು" ಅಂದರು. ಆರು ಸಲ ಮಾಡಿದೆ. ಎಲ್ಲರೂ ನೋಡುತ್ತಿದ್ದರು. ಸೋಮವಾರದ 31ರ ಪಕ್ಕದಲ್ಲಿ "ಎರಡು ದಿನದ ಒಟ್ಟು" ಅಂತ ಬರೆದೆವು.

ಆ ಐದು ಭಾನುವಾರ ಒಂದೆರಡು ಮಿಲಿಮೀಟರ್ ಮಳೆ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಇನ್ನು ಅದು ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟ್ರಿಗೂ ಗೊತ್ತಾಗುವುದಿಲ್ಲ. ನನಗೆ ತುಂಬಾ ಬೇಜಾರಾದದ್ದು ಅದೇ.

ಆ ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಸೋಮವಾರವೇ ಹೇಳಿದ್ರೆ ನಾನು ಅವತ್ತು ಊಟ ಮಾಡ್ತಿದ್ದೆ. ಚಿತ್ರಾನ್ನ ಮಾಡಿದ್ರು" ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ಭಾನುವಾರ ನಾವಿಬ್ಬರೂ ಹೋಗಿ ನೋಡುತ್ತೇವೆ, ಇಬ್ಬರೂ ಸಹಿ ಮಾಡುತ್ತೇವೆ. ಅದು ಅವನೇ ಹಾಕಿದ ಷರತ್ತು.

ಸೆಪ್ಟೆಂಬರ್‌ನಲ್ಲಿ ನಮ್ಮನ್ನು ವಾಣಿವಿಲಾಸ ಸಾಗರಕ್ಕೆ ಪ್ರವಾಸ ಕರೆದುಕೊಂಡು ಹೋದರು. ನಮ್ಮ ಕಡೆ ಮಾರಿಕಣಿವೆ ಅಂತಲೇ ಕರೆಯುವುದು. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದರು. ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರನ್ನೇ ಇಟ್ಟಿದ್ದಾರೆ. ಪೂರ್ತಿ ತುಂಬಿದರೆ 130 ಅಡಿ. 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! ಆವಾಗ ನಾನು ನಾಲ್ಕನೇ ತರಗತಿ. ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ನೀರು ಬೀಳುವುದನ್ನು ತೋರಿಸಿದ್ದು ನೆನಪಿದೆ. ಆಮೇಲೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಕಟ್ಟೆಯ ಮೇಲೆ ನಿಂತಾಗ ಮೇಷ್ಟ್ರು, "89 ವರ್ಷ ಅಂತ ನಮಗೆ ಹೆಂಗೆ ಗೊತ್ತು?" ಅಂತ ಕೇಳಿದರು. ಆ ಹುಡುಗನೇ ಮೊದಲು ಕೈ ಎತ್ತಿದ. "ಅವತ್ತು ಯಾರೋ ನೋಡಿ ಬರೆದಿಟ್ಟಿದ್ರು ಸಾರ್" ಅಂದ. ಅವತ್ತು ಬರೆದವರು ಯಾರೋ, ಅವರ ಹೆಸರು ನಮಗೆ ಗೊತ್ತಿಲ್ಲ. ಆದರೂ ಅವರು ಬರೆದದ್ದನ್ನು ನಾವು ನಂಬುತ್ತೇವೆ. ಅವರೂ ನನ್ನ ಹಾಗೆ ಮನೆಯಲ್ಲೇ ಕೂತು ಬರೆದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡುತ್ತಾ ನಾನು ನೀರನ್ನೇ ನೋಡುತ್ತಿದ್ದೆ.

ದಸರಾ ರಜೆ ಬಿಡುವ ಮುಂಚೆ, ಸೆಪ್ಟೆಂಬರ್ 19ರವರೆಗೆ, ನಮ್ಮ ಪಟ್ಟಿಯಲ್ಲಿ 96 ದಿನ ಆಗಿತ್ತು. ಅದರಲ್ಲಿ ಕೆಂಪು ಗೆರೆ ಆರು. ಆರೂ ನನ್ನವೇ. ಬೇರೆಯವರ ಗೆರೆ ಒಂದೂ ಇಲ್ಲ. ಪಟ್ಟಿ ಈಗಲೂ ಜಗುಲಿಯಲ್ಲಿದೆ, ಹೋಗಿ ನೋಡಬಹುದು. ಪಕ್ಕದ ಹೊಲದ ಅಜ್ಜ ಒಂದು ದಿನ ಬಂದು ಕೆಂಪು ಗೆರೆ ಏನು ಅಂತ ಕೇಳಿದರು. ನಾನೇ ಹೇಳಿದೆ. "ಹಂಗಾದ್ರೆ ಮಿಕ್ಕಿದ್ದು ದಿಟ ಅನ್ನು" ಅಂದರು. ಈಗ ಮೊದಲಿನ ಹಾಗೆ ಬಂದು ಓದಿಸಿಕೊಂಡು ಹೋಗುತ್ತಾರೆ.

ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗುತ್ತೇವೆ. ಬಾಟಲಿ ಮತ್ತು ಪಟ್ಟಿ ಆರನೇ ತರಗತಿಯವರಿಗೆ ಬರುತ್ತದೆ. ತಮ್ಮ ತಂಗಿಯರೇ, ಮುಳ್ಳು ಬೇಲಿ ಗಟ್ಟಿ ಮಾಡಿಕೊಳ್ಳಿ, ಮೇಕೆ ಇನ್ನೂ ಬರುತ್ತದೆ. ಮರೆತ ದಿನ ಗೆರೆ ಹಾಕಿ. ಗೆರೆ ಹಾಕಿದರೆ ಮೇಷ್ಟ್ರು ನಿಜವಾಗಿಯೂ ಬೈಯುವುದಿಲ್ಲ.

ಬರಹದಲ್ಲಿ ತಪ್ಪಿದ್ದರೆ ಕ್ಷಮಿಸಿ. ಇಲ್ಲಿಗೆ ಮುಗಿಸುತ್ತೇನೆ.

ಇಂತಿ,
ಭಾನುವಾರದ ಸರದಿಯವಳು
7ನೇ ತರಗತಿ